ಬಾಯಲ್ಲಿ ಹೇಳಬೇಡಿ, ಬರೆದು ಹಾಕಿ

ಕೊಟ್ಟಿಗೆಹಾರದಿಂದ ಮೂಡಿಗೆರೆಯವರೆಗಿನ ರಸ್ತೆಯ ಎಡಬಲದಲ್ಲಿ ಕಾಫಿ ತೋಟ ನೋಡಿಕೊಳ್ಳುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಾನವ ಸಂಪನ್ಮೂಲವನ್ನು ಶಾಸ್ತ್ರೋಕ್ತವಾಗಿ ನಿರ್ವಹಿಸಬಲ್ಲವಳು ಪ್ರೇಮಲತಾ ಎಂಬ ನಾನೊಬ್ಬಳೇ ಎಂದು ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಘೋಷಿಸಿದೆ. ಘೋಷಣೆಯನ್ನು ಕೇಳಿಸಿಕೊಂಡವರು ನನ್ನ ಗಂಡ ಶಶಿಧರ್ ಮತ್ತು ಅವರ ತಟ್ಟೆಯ ಕಡುಬಿಗಾಗಿ ಕಾದು ಕೂತಿದ್ದ ನಮ್ಮ ನಾಯಿ. ನಾಯಿ ಬಾಲ ಅಲ್ಲಾಡಿಸಿತು.

"ಹನ್ನೊಂದು ಜನ ಕೆಲ್ಸದೋರು, ಎರಡು ನಾಯಿ, ಒಬ್ಬ ಗಂಡ. ಇಷ್ಟನ್ನ ಮ್ಯಾನೇಜ್ ಮಾಡಕ್ಕೆ ಎಂಬಿಎ ಬೇಕಾ ಮಾರಾಯ್ತಿ?" ಎಂದರು ಶಶಿಧರ್.

"ಇಷ್ಟು ವರ್ಷ ಡಿಗ್ರಿ ಇಲ್ದೇ ಮ್ಯಾನೇಜ್ ಮಾಡಿದ್ದಕ್ಕೇ ನೀವು ಹಿಂಗಾಗಿರೋದು" ಎಂದೆ.

ತಮಾಷೆ ಬದಿಗಿಡಿ. ಇಪ್ಪತ್ತಮೂರು ವರ್ಷಗಳ ಹಿಂದೆ ಎಂಕಾಂ ಮೊದಲ ವರ್ಷದ ನಡುವೆ ನನ್ನ ಮದುವೆಯಾಯಿತು. ಉಳಿದರ್ಧ ಓದನ್ನು ಮದುವೆಯಾದ ಮೇಲೆ ಮುಗಿಸಬಹುದು ಎಂದು ಎಲ್ಲರೂ ಹೇಳಿದ್ದರು, ಆಮೇಲೆ ಯಾರೂ ಮುಗಿಸಲು ಹೇಳಲಿಲ್ಲ. ಆ ಅರ್ಧ ಓದು ನನ್ನನ್ನು ಇಷ್ಟು ವರ್ಷ ಬಿಡದೆ ಚುಚ್ಚಿತ್ತು. ಹಾಗಾಗಿ ನಲವತ್ತಾರನೇ ವಯಸ್ಸಿನಲ್ಲಿ ಚಿಕ್ಕಮಗಳೂರಿನ ಒಂದು ಕಾಲೇಜಿಗೆ ಎಂಬಿಎ ಸೇರಿ, ಮಾನವ ಸಂಪನ್ಮೂಲವನ್ನೇ ವಿಷಯವಾಗಿ ಆರಿಸಿಕೊಂಡೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಮೂಡಿಗೆರೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಸಂಜೆ ಆರೂವರೆಗೆ ವಾಪಸು. ತರಗತಿಯ ಹುಡುಗಿಯರು ನನ್ನನ್ನು ಆಂಟಿ ಎನ್ನುತ್ತಿದ್ದರು. ನೋಟ್ಸ್ ಬೇಕಾದಾಗ ಮಾತ್ರ ಅಕ್ಕ ಎನ್ನುತ್ತಿದ್ದರು.

ಮನೆಯಲ್ಲಿ ಖಾತೆಗಳ ಮರುಹಂಚಿಕೆ ಆಯಿತು. ತೋಟದ ಕೆಲಸದವರಿಗೆ ಬೆಳಿಗ್ಗೆ ಹತ್ತು ಗಂಟೆಗೆ ಮನೆಯಿಂದ ಕಾಫಿ ಹೋಗಬೇಕು, ಇದು ಅತ್ತೆಯವರ ಕಾಲದಿಂದ ಒಂದು ದಿನವೂ ತಪ್ಪಿದ್ದಲ್ಲ. ಆ ಖಾತೆಯನ್ನು ಶಶಿಧರ್‌ಗೆ ವಹಿಸಿಕೊಟ್ಟೆ. ಮೂರು ತಲೆಮಾರಿನಿಂದ ಕಾಫಿ ಬೆಳೆದ ಮನೆತನದ ಕುಡಿಗೆ ಹದಿನೈದು ಲೋಟ ಕಾಫಿ ಕಾಸಲು ಬರುತ್ತದೆಯೋ ಇಲ್ಲವೋ ಎಂದು ನಾನು ಯೋಚಿಸಲೇ ಇಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಬಂತು. ನನ್ನ ಗೈಡ್ ಹರ್ಷವರ್ಧನ ಸಾರ್. ವಯಸ್ಸು ಇಪ್ಪತ್ತೆಂಟು, ನನ್ನ ತಂಗಿಯ ಮಗನ ವಯಸ್ಸು. ನಾನು ಅವರನ್ನು ಸಾರ್ ಎಂದಾಗಲೆಲ್ಲ ಅವರು ಎದ್ದು ನಿಲ್ಲಲು ಹೊರಟು ಮತ್ತೆ ಕೂರುತ್ತಿದ್ದರು.

"ಮೇಡಂ, ಒಂದು ಸಂಸ್ಥೆ ಆರಿಸ್ಕೊಳ್ಳಿ. ಅಲ್ಲಿ ಹೊಸದೊಂದು ಎಚ್‌ಆರ್ ವ್ಯವಸ್ಥೆ ತನ್ನಿ. ಒಂದು ತಿಂಗಳು ನಡೆಸಿ ರಿಪೋರ್ಟ್ ಬರೀರಿ. ಇದ್ರಲ್ಲಿ ಫೇಲಾದ್ರೆ ಡಿಗ್ರಿ ಮುಂದಿನ ವರ್ಷಕ್ಕೇ."

ಉಳಿದವರು ಬ್ಯಾಂಕು, ಕಾಫಿ ಕ್ಯೂರಿಂಗ್, ಹೋಂಸ್ಟೇ ಎಂದು ಓಡಿದರು. ನಾನು ಓಡಲಿಲ್ಲ. ಹನ್ನೆರಡು ಎಕರೆಯ ನಮ್ಮ ತೋಟವೇ ಸಂಸ್ಥೆ, ಹನ್ನೊಂದು ಜನ ಕೆಲಸದವರೇ ಸಂಪನ್ಮೂಲ, ನಾನೇ ಎಚ್‌ಆರ್ ವಿಭಾಗ. ಪುಸ್ತಕದ ಏಳನೇ ಅಧ್ಯಾಯದಲ್ಲಿ ನನಗೆ ಬೇಕಾದ ವ್ಯವಸ್ಥೆಯೂ ಸಿಕ್ಕಿತು: ದೂರು ಪೆಟ್ಟಿಗೆ. ಕಾರ್ಮಿಕರು ಬಾಯಿಬಿಟ್ಟು ಹೇಳಲು ಹೆದರುವುದನ್ನು ಹೆಸರಿಲ್ಲದೆ ಬರೆದು ಹಾಕಬೇಕು. ಆಡಳಿತದವರು ಅದರ ಹತ್ತಿರ ಸುಳಿಯಬಾರದು, ಸುಳಿದರೆ ಕಾರ್ಮಿಕರು ಅಂಜುತ್ತಾರೆ. ತಿಂಗಳ ಕೊನೆಯಲ್ಲಿ ಮೂರನೆಯವರೊಬ್ಬರ ಎದುರಿಗೇ ಬೀಗ ತೆಗೆಯಬೇಕು. ಓದುತ್ತಾ ಓದುತ್ತಾ ನನ್ನ ಮೈ ಜುಮ್ಮೆಂದಿತು.

ಪೆಟ್ಟಿಗೆಗಾಗಿ ಅಟ್ಟ ಹತ್ತಿದೆ. ಮೂಲೆಯಲ್ಲಿ ಮಾವನವರ ಕಾಲದ ತುಡುವೆ ಜೇನಿನ ಪೆಟ್ಟಿಗೆ ಇತ್ತು. ಅವರ ಜೇನು ರೋಗ ಬಂದು ಸತ್ತ ಮೇಲೆ ಅದು ಖಾಲಿ. ರೊಬಸ್ಟಾ ಹೂವು ಕಾಯಿ ಕಚ್ಚಬೇಕಾದರೆ ಜೇನುಹುಳ ಬೇಕೆಂದು ಶಶಿಧರ್ ಮೂರು ವರ್ಷದಿಂದ ಒದ್ದಾಡುತ್ತಿದ್ದರು. ಎರಡು ಸಲ ಎಲ್ಲಿಂದಲೋ ಹುಳ ತಂದು ಕೂರಿಸಿದ್ದರು, ಎರಡು ಸಲವೂ ವಾರದೊಳಗೆ ಹಾರಿಹೋಗಿದ್ದವು. ನಮ್ಮ ಮನೆಯಲ್ಲಿ ಉಳಿಯಲು ಹುಳಕ್ಕೂ ತಾಳ್ಮೆ ಬೇಕು ಎಂದು ನಾನು ಆಗಲೇ ಹೇಳಿದ್ದೆ.

ಪೆಟ್ಟಿಗೆ ಹಲಸಿನ ಮರದ್ದು, ಗಟ್ಟಿಮುಟ್ಟು. ಮುಂಭಾಗದಲ್ಲಿ, ಚೀಟಿ ಹಾಕಲೆಂದೇ ಆಚಾರಿಗೆ ಹೇಳಿ ಮಾಡಿಸಿದಂತೆ, ಉದ್ದನೆಯ ಒಂದು ಸೀಳು. ಒಳಗಿದ್ದ ಚೌಕಟ್ಟುಗಳನ್ನು ತೆಗೆದು ಬಚ್ಚಲೊಲೆಗೆ ಹಾಕಿದೆ. ಹಳೇ ಮೇಣದ ವಾಸನೆ ಮತ್ತು ಜಿರಲೆ ಹೋಗಲಿ ಎಂದು ಒಳಗೂ ಹೊರಗೂ ನಿಂಬೆಹುಲ್ಲಿನ ಎಣ್ಣೆ ಸವರಿದೆ. ಮುಚ್ಚಳಕ್ಕೆ ಕೊಂಡಿ ಹಾಕಿಸಿ, ಬೀಗ ಜಡಿದು, ಕಾಫಿ ಒಣಗಿಸುವ ಕಣದ ಆಚೆ ಬದಿಯ ಗೋದಾಮಿನ ಸೂರಿನಡಿ ಎದೆಯೆತ್ತರಕ್ಕೆ ಕೂರಿಸಿದೆ. ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿ.

ನಮ್ಮ ಮೇಸ್ತ್ರಿ ಗುರುವಯ್ಯ ಬಂದು ನಿಂತ. ಮಾವನವರ ಕಾಲದಿಂದ ಇರುವವನು, ಅರವತ್ತು ದಾಟಿದೆ. ಪೆಟ್ಟಿಗೆಯನ್ನು ಮೂಸಿ ನೋಡಿದ.

"ಅಮ್ಮಾ, ಇದ್ಕೆ ಎಣ್ಣೆ ಹಚ್ಚಿದೀರಾ?"

"ಹೂಂ. ಘಮಘಮ ಅಂತಿದೆ ಅಲ್ವಾ?"

"ಅಂತದೆ ಅಂತದೆ. ಅದೇ ನಾ ಹೇಳಾದು ಎಂತ ಅಂದ್ರೆ—"

"ಗುರುವಯ್ಯ, ಇನ್ನು ಮೇಲೆ ಹೇಳೋದು ಅನ್ನೋದೇ ಇಲ್ಲ. ಎಲ್ಲರನ್ನೂ ಕರಿ, ಭಾಷಣ ಇದೆ."

ಕಣದಲ್ಲಿ ಹನ್ನೊಂದು ಜನ ಸಾಲಾಗಿ ನಿಂತರು. ನಾನು ಮೆಟ್ಟಿಲ ಮೇಲೆ ನಿಂತು, ಇಂದಿನಿಂದ ನಮ್ಮ ತೋಟದ ಇತಿಹಾಸದಲ್ಲಿ ಹೊಸ ಯುಗ ಆರಂಭವಾಗುತ್ತದೆ ಎಂದೆ. ಯಾರಿಗೆ ಏನೇ ತೊಂದರೆ ಇದ್ದರೂ ಬಾಯಲ್ಲಿ ಹೇಳಬೇಡಿ, ಬರೆದು ಹಾಕಿ, ಬಾಯಲ್ಲಿ ಹೇಳಿದ್ದನ್ನು ಆಡಳಿತ ಮಂಡಳಿ ಕೇಳುವುದಿಲ್ಲ ಎಂದೆ. ಆಡಳಿತ ಮಂಡಳಿ, ಅಂದರೆ ಶಶಿಧರ್, ಜೀಪಿನ ಬಾನೆಟ್ಟಿಗೆ ಒರಗಿ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿತ್ತು.

ಸಿದ್ದಮ್ಮ ಕೈಯೆತ್ತಿದಳು. ಹೆಣ್ಣಾಳುಗಳಲ್ಲಿ ಹಿರಿಯವಳು, ಮಾತಿನಲ್ಲಿ ಎಲ್ಲರಿಗಿಂತ ಹಿರಿಯವಳು.

"ಅಮ್ಮಾ, ನಾ ಇಲ್ಲೇ ನಿಮ್ಮ ಎದ್ರಿಗೇ ನಿಂತೀನಿ. ಹೇಳಿದ್ರೆ ನಿಮ್ಗೆ ಕೇಳ್ಸಲ್ವಾ?"

"ಕೇಳ್ಸುತ್ತೆ ಸಿದ್ದಮ್ಮ. ಆದ್ರೆ ಅದು ಅನೌಪಚಾರಿಕ ಸಂವಹನ."

"ಹೌದಾ? ನಮ್ಗೆ ಗೊತ್ತಿರ್ಲಿಲ್ಲ. ಇಷ್ಟು ವರ್ಷ ನಾವು ಮಾತಾಡ್ತಿದೀವಿ ಅಂದ್ಕಂಡಿದ್ವಿ."

ಮರುದಿನದಿಂದ ನಾನು ಶಿಸ್ತಿಗೆ ಬಿದ್ದೆ. ಪೆಟ್ಟಿಗೆಯ ಕಡೆ ಹೋಗುವುದಿರಲಿ, ಆ ದಿಕ್ಕಿಗೆ ನೋಡುವುದನ್ನೂ ಬಿಟ್ಟೆ. ಬಟ್ಟೆ ಒಣಹಾಕುವ ಹಗ್ಗ ಗೋದಾಮಿನ ಹತ್ತಿರ ಇತ್ತು, ಅದನ್ನು ಬಿಚ್ಚಿ ಹಿತ್ತಲಿಗೆ ಕಟ್ಟಿಸಿದೆ. ಹೇಗೂ ಹಗಲೆಲ್ಲ ಕಾಲೇಜು, ಭಾನುವಾರ ಒಳಗೆ ಕೂತು ರಿಪೋರ್ಟು. ಹದಿನೈದು ದಿನ ಕಳೆದ ಮೇಲೆ ಕುತೂಹಲ ತಡೆಯಲಾಗದೆ ಶಶಿಧರ್‌ರನ್ನು ಕೇಳಿದೆ.

"ಯಾರಾದ್ರೂ ಪೆಟ್ಟಿಗೆ ಹತ್ರ ಹೋಗ್ತಾರಾ?"

"ಒಬ್ರೂ ಹೋಗಲ್ಲ. ಹತ್ತಡಿ ದೂರದಿಂದ ಸುತ್ತು ಹಾಕ್ಕೊಂಡು ಹೋಗ್ತಾರೆ."

ಎಂಥ ಗೌರವ! ಅಂದರೆ ದೂರುಗಳೇ ಇಲ್ಲ. ಕಾಲು ಶತಮಾನದಿಂದ ಈ ತೋಟವನ್ನು ನಾನು ಎಷ್ಟು ಚೆನ್ನಾಗಿ ನಡೆಸಿಕೊಂಡು ಬಂದಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಅದೇ ವಾರ ಸಂಜೆ ಸಿದ್ದಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು.

"ಅಮ್ಮಾ, ನಿಮ್ಮ ಪೆಟ್ಟಿಗೆ ಇದ್ಯಲ್ಲ—"

"ಬರೆದು ಹಾಕು ಸಿದ್ದಮ್ಮ."

"ಅಯ್ಯೋ, ಹಾಕಾಕೆ ಆಗಲ್ಲ ಅಂತ ಹೇಳಾಕೇ ಬಂದಿದ್ದು."

"ಭಯ ಪಡಬೇಡ. ಹೆಸರು ಬರೀಬೇಕಾಗಿಲ್ಲ."

"ಭಯ ಹೆಸ್ರಿಂದು ಅಲ್ಲ ಅಮ್ಮಾ."

"ಮೊದಮೊದಲು ಹಂಗೇ ಅನ್ಸುತ್ತೆ. ಧೈರ್ಯವಾಗಿ ಕೈ ಹಾಕು."

ಸಿದ್ದಮ್ಮ ನನ್ನನ್ನು ಒಮ್ಮೆ ನೋಡಿ, ಸೆರಗು ಕೊಡವಿಕೊಂಡು ಹೋದಳು. ನಾನು ನೋಟ್‌ಬುಕ್ ತೆಗೆದು "ಕಾರ್ಮಿಕರಲ್ಲಿ ಆರಂಭಿಕ ಭಯ ಸಹಜ" ಎಂದು ಬರೆದುಕೊಂಡೆ.

ಶಶಿಧರ್ ಮಾತ್ರ ಆ ತಿಂಗಳು ಬಹಳ ಖುಷಿಯಲ್ಲಿದ್ದರು. ಸ್ನಾನದ ಮನೆಯಲ್ಲಿ ಶಿಳ್ಳೆ ಕೇಳಿಸುತ್ತಿತ್ತು. "ಈ ಸಲ ರೊಬಸ್ಟಾ ಕಾಯಿ ಕಚ್ಚೋದು ನೋಡು" ಎಂದರು. ಯಾಕೆ ಎಂದು ಕೇಳಿದರೆ, "ಎಲ್ಲ ನಿನ್ನ ಎಚ್‌ಆರ್ ಮಹಿಮೆ ಕಣೇ" ಎಂದರು. ಮದುವೆಯಾದಾಗಿನಿಂದ ನನ್ನನ್ನು ಹೊಗಳಿದ್ದು ಅದು ಎರಡನೇ ಸಲ. ಮೊದಲನೆಯದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ. ನಾನು ಉಬ್ಬಿಹೋದೆ.

ಉಬ್ಬಿದ ಸ್ಥಿತಿಯಲ್ಲೇ ನಾಲ್ಕನೇ ಅಧ್ಯಾಯ ಬರೆದೆ: "ಶೂನ್ಯ ದೂರು: ಒಂದು ಮಾದರಿ ಸಂಸ್ಥೆ." ದೂರುಗಳ ವಿವರಕ್ಕೆ ಒಂದು ವೃತ್ತದ ಚಿತ್ರ ಹಾಕಿದೆ. ಇಡೀ ವೃತ್ತಕ್ಕೆ ಒಂದೇ ಹಸಿರು ಬಣ್ಣ, "ತೃಪ್ತರು, ನೂರಕ್ಕೆ ನೂರು". ಹರ್ಷವರ್ಧನ ಸಾರ್ ಅದನ್ನು ಓದಿ ನಿಜವಾಗಿಯೇ ಎದ್ದು ನಿಂತರು.

"ಮೇಡಂ, ಇಂಥದ್ದು ನಾನು ಎಲ್ಲೂ ಓದಿಲ್ಲ. ನಾನೇ ಬರ್ತೀನಿ. ನನ್ನೆದುರಿಗೇ ಪೆಟ್ಟಿಗೆ ತೆಗೀರಿ. ಫೋಟೋ ಹಿಡಿದು ಸೆಮಿನಾರ್‌ಗೆ ಕಳಿಸೋಣ."

ಮಾರ್ಚ್ ಕೊನೆಯ ಶನಿವಾರ ಮಧ್ಯಾಹ್ನ ಅವರು ಮೂಡಿಗೆರೆಯಲ್ಲಿ ಬಸ್ಸಿಳಿದರು, ಶಶಿಧರ್ ಜೀಪಿನಲ್ಲಿ ಕರೆತಂದರು. ಬಿಳಿ ಅಂಗಿ, ಇಸ್ತ್ರಿ ಪ್ಯಾಂಟು, ಹತ್ತು ಮಾರು ದೂರಕ್ಕೂ ಬರುವ ಸೆಂಟು. ಊಟ ಮುಗಿಸಿ ಕಣಕ್ಕೆ ಬರುವಾಗ ಸಂಜೆ ಐದಾಗಿತ್ತು, ಮೋಡ ಕವಿದಿತ್ತು. ಹನ್ನೊಂದು ಜನರೂ ಕಾದು ನಿಂತಿದ್ದರು. ಗುರುವಯ್ಯ ಗಾಳಿಯಲ್ಲಿ ಮೂಗೆಳೆದ.

"ಸಾರ್ ಸೆಂಟು ಹಾಕ್ಕಂಡಿದಾರಾ ಅಮ್ಮಾ?"

"ಹೌದು, ಏನೀಗ?"

"ಅದು ಆಗಲ್ಲ ಅಮ್ಮಾ ಅದ್ಕೆ. ಒಂದ್ ಮಾತು ಹೇಳ್ತೀನಿ ಕೇಳಿ—"

ಗೈಡ್ ಎದುರಿಗೆ ವ್ಯವಸ್ಥೆ ಮುರಿಯುವುದೇ? ನಾನು ಬೆರಳನ್ನು ತುಟಿಯ ಮೇಲಿಟ್ಟೆ. ಗುರುವಯ್ಯ ಬಾಯಿ ಮುಚ್ಚಿದ. "ಎಂಥ ಡಿಸಿಪ್ಲಿನ್ ಮೇಡಂ" ಎಂದರು ಸಾರ್.

ಸೀಳಿನ ಹತ್ತಿರ ನಾಲ್ಕೈದು ಹುಳ ಓಡಾಡುತ್ತಿದ್ದವು. ಕಾಫಿ ಹೂವಿನ ಕಾಲ, ಹುಳ ಎಲ್ಲಿ ಇರುವುದಿಲ್ಲ? ಸೆರಗಿನಿಂದ ಅವನ್ನು ಬೀಸಿ ಓಡಿಸಿದೆ. ಸಾರ್ ಪೆಟ್ಟಿಗೆಗೆ ಕಿವಿಗೊಟ್ಟು, "ಏನೋ ಗುಂಯ್ ಅಂತಿದೆಯಲ್ಲ" ಎಂದರು.

"ಗೋದಾಮಿನಲ್ಲಿ ಮೋಟಾರ್ ಇದೆ ಸಾರ್" ಎಂದೆ. ಮೋಟಾರ್ ರಿಪೇರಿಗೆ ಹೋಗಿ ಎರಡು ವಾರವಾಗಿದ್ದು ನನಗೆ ಗೊತ್ತಿರಲಿಲ್ಲ.

ಬೀಗ ತೆಗೆದು, ಮೂರನೆಯವರು ಎಂಬ ಗೌರವಕ್ಕೆ, ಮುಚ್ಚಳ ಎತ್ತುವ ಅವಕಾಶವನ್ನು ಅವರಿಗೇ ಬಿಟ್ಟುಕೊಟ್ಟೆ. ಹಿಂತಿರುಗಿ ನೋಡಿದರೆ ಹನ್ನೊಂದು ಜನರೂ ಇಪ್ಪತ್ತಡಿ ಹಿಂದೆ ಸರಿದು ನಿಂತಿದ್ದರು. ಶಶಿಧರ್ ಜೀಪಿನ ಒಳಗಿದ್ದರು, ಗಾಜು ಏರಿಸಿದ್ದರು.

"ಮುಚ್ಚಳ ಭಾರ ಇದೆ ಮೇಡಂ" ಎಂದರು ಸಾರ್. ಅದು ಅವರು ಸರಿಯಾದ ತುಟಿಯಲ್ಲಿ ಆಡಿದ ಕೊನೆಯ ಮಾತು.

ನಾಲ್ಕು ಬೆರಳಿನಷ್ಟು ಎತ್ತಿದ್ದರು, ಅಷ್ಟೇ. ಮುಚ್ಚಳದ ಅಡಿಗೆ ಅಂಗೈ ಅಗಲದ ಬಿಳಿ ಜೇನಿನ ಎರಿಗಳು ಸಾಲಾಗಿ ಜೋತಾಡುತ್ತಿದ್ದವು. ಪ್ರತಿಯೊಂದರ ಮೇಲೂ ನನ್ನ ಶೂನ್ಯ ದೂರುಗಳು ಕಪ್ಪಗೆ ಮುತ್ತಿಕೊಂಡಿದ್ದವು. ಸಾರ್ ಮುಚ್ಚಳ ಕೈಬಿಟ್ಟರು. ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ಸೆಮಿನಾರ್‌ಗೆ ಹೋಗಬೇಕಿದ್ದ ಫೋನು ನೆಲಕ್ಕೆ ಬಿತ್ತು. ಸಾರ್ ಕಣವನ್ನು ಎರಡು ಸುತ್ತು ಹಾಕಿ, ಕಾಫಿ ಮುಚ್ಚುವ ಟಾರ್ಪಾಲಿನೊಳಗೆ ನುಗ್ಗಿದರು. ಒಂದು ಹುಳ ನನ್ನ ಗಲ್ಲಕ್ಕೆ ಕುಟುಕಿತು, ಇನ್ನೊಂದು ತುರುಬಿನೊಳಗೆ ಹೊಕ್ಕಿತು. ಮಾನವ ಸಂಪನ್ಮೂಲ ವಿಭಾಗವು ಕೂದಲು ಬಿಚ್ಚಿಕೊಂಡು ಓಡಿ, ಅದೇ ಟಾರ್ಪಾಲಿನ ಇನ್ನೊಂದು ತುದಿಯಿಂದ ಒಳಗೆ ಸೇರಿತು.

"ನೂರಕ್ಕೆ ನೂರು ತೃಪ್ತರು ಅಂದ್ರಲ್ಲ ಮೇಡಂ" ಎಂದಿತು ಟಾರ್ಪಾಲಿನ ಕತ್ತಲಿನಿಂದ ಒಂದು ಧ್ವನಿ.

ಹೊರಗೆ ಗುರುವಯ್ಯ ಒಂದಿಷ್ಟೂ ಅವಸರವಿಲ್ಲದೆ ನಡೆದು ಹೋಗಿ, ಬರಿಗೈಯಲ್ಲಿ ಮುಚ್ಚಳವನ್ನು ಎರಿ ಮುರಿಯದಂತೆ ಸರಿಯಾಗಿ ಕೂರಿಸಿದ. "ತುಡುವೆ ಪಾಪದ ಹುಳ. ಅದ್ರ ಪಾಡಿಗೆ ಬಿಟ್ರೆ ಏನೂ ಮಾಡಲ್ಲ" ಎಂದು ಯಾರಿಗೋ ಹೇಳುವಂತೆ ಹೇಳಿದ. ಹುಳ ತಣ್ಣಗಾದ ಮೇಲೆ ಸಿದ್ದಮ್ಮ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಸಾರ್ ಅವರ ಮೂಗು, ಮೇಲ್ದುಟಿ, ಎಡಗಿವಿಗೆ ಹಚ್ಚಿದಳು. ಉಳಿದದ್ದನ್ನು ನನ್ನ ಗಲ್ಲಕ್ಕೆ ಒರೆಸಿದಳು.

ಅವಮಾನ ಕೋಪವಾಗಲು ತಡವಾಗುವುದಿಲ್ಲ. ಜೀಪಿನಿಂದ ಇಳಿದ ಗಂಡನ ಮೇಲೆ ಹರಿಹಾಯ್ದೆ.

"ನಿಮಗೆ ಗೊತ್ತಿತ್ತು ತಾನೇ? ಒಂದು ಮಾತು ಹೇಳ್ಬಾರ್ದಿತ್ತಾ?"

"ಆಡಳಿತದೋರು ಪೆಟ್ಟಿಗೆ ವಿಷ್ಯಕ್ಕೆ ಕೈ ಹಾಕ್ಬಾರ್ದು ಅಂತ ನೀನೇ ಅಲ್ವಾ ಹೇಳಿದ್ದು? ನಾ ಕೈ ಹಾಕಿಲ್ಲ. ಅಲ್ದೆ, ಮೂರು ವರ್ಷ ನಾ ಕರೆದ್ರೆ ಬರ್ದೇ ಇದ್ದ ಹುಳ ನಿನ್ನ ಎಣ್ಣೆ ವಾಸ್ನೆಗೆ ತಾನಾಗೇ ಬಂದು ಕೂತಿತ್ತು. ಎಬ್ಬಿಸು ಅಂತೀಯಾ ಅಂತ ಹೆದ್ರಿಕೆ."

"ನೀನಾದ್ರೂ ಹೇಳ್ಬಾರ್ದಿತ್ತಾ ಗುರುವಯ್ಯ?"

ಗುರುವಯ್ಯನ ಮುಖ ಸಣ್ಣದಾಯಿತು. "ನಾ ಹೇಳಿದೀನಿ ಅಮ್ಮಾ. ನೀವು ಹೇಳ್ದಂಗೇ ಹೇಳಿದೀನಿ."

ಒಂದು ಕಡ್ಡಿ ತೆಗೆದುಕೊಂಡು, ಸೀಳಿನೊಳಗೆ ಮೆಲ್ಲಗೆ ಆಡಿಸಿ, ಮೇಣ ಮೆತ್ತಿದ ಒಂದು ಮಡಿಸಿದ ಕಾಗದವನ್ನು ಎಳೆದು ತಂದ. ಇಡೀ ತಿಂಗಳಲ್ಲಿ ನನ್ನ ವ್ಯವಸ್ಥೆಗೆ ಬಂದಿದ್ದ ಒಂದೇ ಒಂದು ಚೀಟಿ. ಸಾರ್ ಅದನ್ನು ತೆಗೆದುಕೊಂಡು ದಪ್ಪ ತುಟಿಯಲ್ಲೇ ಓದಿದರು.

"ಅಮ್ಮಾವರಿಗೆ ಗುರುವಯ್ಯನ ನಮಸ್ಕಾರಗಳು. ಇದು ಜೇನಿನ ಪೆಟ್ಟಿಗೆ. ಮೇಲಿಂದ ಎಣ್ಣೆ ಬೇರೆ ಹಚ್ಚಿದ್ದೀರಿ. ವಾರದ ಒಳಗೆ ಹುಳ ಬಂದು ಕೂರುತ್ತದೆ. ಬೇರೆ ಪೆಟ್ಟಿಗೆ ಇಟ್ಟರೆ ಒಳ್ಳೇದು. ಬಾಯಲ್ಲಿ ಹೇಳಿದರೆ ಕೇಳುವುದಿಲ್ಲ ಅಂದಿದ್ದಕ್ಕೆ ಬರೆದಿದ್ದೇನೆ. ತಪ್ಪು ತಿಳಿಯಬೇಡಿ."

ಕೆಳಗೆ ತಾರೀಖು ಇತ್ತು. ಭಾಷಣ ಮಾಡಿದ ಮರುದಿನದ್ದು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಾಲ್ಕನೇ ತರಗತಿ ಓದಿದ ಮನುಷ್ಯ, ಕನ್ನಡಕವಿಲ್ಲದೆ, ಎಷ್ಟು ಹೊತ್ತು ಕೂತು ಇದನ್ನು ಬರೆದಿರಬೇಕು ಎಂದು ನೆನೆದು ನನ್ನ ಕಣ್ಣಲ್ಲಿ ನೀರು ಬಂತು. ಅದಕ್ಕೂ ಗಲ್ಲದ ಉರಿಯೇ ಕಾರಣ ಎಂದು ಹೇಳಿಕೊಂಡೆ.

"ಮೇಡಂ, ನಾಲ್ಕನೇ ಅಧ್ಯಾಯ ಬದಲಾಯಿಸ್ಬೇಕು" ಎಂದರು ಸಾರ್.

"ಎಷ್ಟು ಸಾರ್?"

"ಪೂರ್ತಿ. ಐದು ದಿನದೊಳಗೆ. ಇಲ್ದಿದ್ರೆ ಮುಂದಿನ ವರ್ಷ."

ಸೋಮವಾರ ಕಾಲೇಜಿಗೆ ರಜೆ ಹಾಕಿದೆ. ಹತ್ತು ಗಂಟೆಗೆ ಕಣದಲ್ಲಿ ಎಲ್ಲರ ಜೊತೆ ಗೋಣಿಚೀಲದ ಮೇಲೆ ಕೂತು, ಪೆನ್ನು ಹಿಡಿದುಕೊಂಡೆ. "ಬಾಯಲ್ಲೇ ಹೇಳಿ, ನಾನು ಬರ್ಕೊಳ್ತೀನಿ" ಎಂದೆ. ಅಷ್ಟರಲ್ಲಿ ಶಶಿಧರ್ ಕಾಫಿಯ ಕೆಟಲ್ ಹಿಡಿದು ಬಂದರು. ಸಿದ್ದಮ್ಮ ಕೆಟಲನ್ನು ನೋಡಿದಳು, ನನ್ನನ್ನು ನೋಡಿದಳು.

"ಹೇಳ್ಳಾ ಅಮ್ಮಾ?"

"ಹೇಳು."

"ನೀವು ಕಾಲೇಜಿಗೆ ಹೋದಾಗಿಂದ ಈ ಕಾಫಿ ಕುಡ್ಯಾಕಾಗ್ತಿಲ್ಲ. ಸಾವ್ಕಾರ್ರು ಬ್ಯಾಸ್ರ ಮಾಡ್ಕಬಾರ್ದು. ಇದು ಪಾತ್ರೆ ತೊಳ್ದ ನೀರು ಇದ್ದಂಗೆ ಇರ್ತದೆ. ನಾವೆಲ್ಲ ಗಿಡದ ಬುಡಕ್ಕೆ ಚೆಲ್ತೀವಿ."

"ಎರಡು ವರ್ಷದಿಂದಾನಾ?" ಎಂದು ಕೂಗಿದರು ಶಶಿಧರ್.

"ಪಾಪ, ಆ ಗಿಡಾನೂ ಹಳದಿ ಆಗ್ಯದೆ" ಎಂದ ಗುರುವಯ್ಯ.

ಒಂದು ಮಾತು ಹೊರಬಿದ್ದದ್ದೇ ತಡ, ಉಳಿದವು ತಾವಾಗಿ ಬಂದವು. ಗಿಡದ ರೆಂಬೆ ಸವರುವ ಕಸಿ ಕತ್ತಿಗಳಿಗೆ ಸಾಣೆ ಇಲ್ಲ. ಕೆಲಸದವರು ಇರುವ ಲೈನು ಮನೆಗಳ ನಲ್ಲಿಯಲ್ಲಿ ಸಂಜೆ ನೀರು ಬರುವುದಿಲ್ಲ. ಹೆಂಗಸರಿಗೆ ಜಿಗಣೆಗೆ ಹಚ್ಚಲು ಕೊಡುತ್ತಿದ್ದ ಎಣ್ಣೆ ನಿಂತುಹೋಗಿದೆ. ಎರಡು ಗಂಟೆಯಲ್ಲಿ ಹದಿನಾಲ್ಕು ದೂರು. ನನ್ನ ಹಸಿರು ವೃತ್ತ ಹದಿನಾಲ್ಕು ಬಣ್ಣದ ಹೋಳಾಯಿತು, ಅದರಲ್ಲಿ ದೊಡ್ಡ ಹೋಳು ಕಾಫಿಯದು. ಮೂರು ರಾತ್ರಿ ಕೂತು ಎಲ್ಲವನ್ನೂ ಬರೆದೆ, ಜೇನು ಸಮೇತ.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಓಂಕಾರಮೂರ್ತಿ ಎಂಬ ಗಂಭೀರ ಹಿರಿಯರು. ನನ್ನ ರಿಪೋರ್ಟನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, ಕನ್ನಡಕ ಮೇಲೆತ್ತಿದರು.

"ನಿಮ್ಮ ಸಂಸ್ಥೆಯಲ್ಲಿ ಕೆಲಸಗಾರರ ಮಾತು ಮೇಲಕ್ಕೆ ಬರೋದಕ್ಕೆ ಇದ್ದ ಮುಖ್ಯ ಅಡ್ಡಿ ಯಾವುದು?"

ಪುಸ್ತಕದಲ್ಲಿ ಇದಕ್ಕೆ ಎಂಟು ಕಾರಣಗಳಿವೆ. ಎಂಟೂ ನನಗೆ ಬಾಯಿಪಾಠ. ಆದರೆ ಬಾಯಿಗೆ ಬಂದದ್ದು ಒಂಬತ್ತನೆಯದು.

"ನಾನೇ ಸಾರ್."

ಅವರು ಏನೋ ಬರೆದುಕೊಂಡು, "ಹೋಗಿ ಬನ್ನಿ ತಾಯಿ" ಎಂದರು. ಪಾಸಾದೆ. ಪ್ರಾಜೆಕ್ಟಿನಲ್ಲಿ ತರಗತಿಗೇ ಮೊದಲು. ಇಪ್ಪತ್ತಮೂರು ವರ್ಷ ಚುಚ್ಚಿದ್ದು ಕೊನೆಗೂ ಹೊರಬಂತು. ಫಲಿತಾಂಶ ನೋಡಿ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಚೆನ್ನಾಗಿ ಅತ್ತೆ.

ಮರುದಿನ ಹತ್ತು ಗಂಟೆಯ ಕಾಫಿಯನ್ನು ನಾನೇ ಕಾಸಿಕೊಂಡು ಹೋದೆ. ಸೂರಿನಡಿ ಪೆಟ್ಟಿಗೆ ಅಲ್ಲೇ ಇತ್ತು, ಈಗ ಬೀಗವಿಲ್ಲ, ಹುಳಗಳು ತಮ್ಮ ಪಾಡಿಗೆ ಹೋಗಿ ಬಂದು ಮಾಡುತ್ತಿದ್ದವು. ಹನ್ನೊಂದು ಜನರೂ ಲೋಟ ಹಿಡಿದು, ಪದವೀಧರೆಯ ಮೊದಲ ಕಾಫಿಯನ್ನು ಕುಡಿದರು. ನಾನು ಸೊಂಟದ ಮೇಲೆ ಕೈಯಿಟ್ಟು ಹೊಗಳಿಕೆಗೆ ಕಾದು ನಿಂತೆ.

"ಸಕ್ರೆ ಸ್ವಲ್ಪ ಕಮ್ಮಿ ಆಯ್ತು ಅಮ್ಮಾ" ಎಂದಳು ಸಿದ್ದಮ್ಮ.

"ಬರೆದು—" ಎಂದು ಬಾಯಿ ತೆರೆದೆ.

ಹನ್ನೊಂದು ಜನರೂ ಒಟ್ಟಿಗೆ ಪೆಟ್ಟಿಗೆಯ ಕಡೆ ತಿರುಗಿ ನೋಡಿದರು. ನಾನು ಬಾಯಿ ಮುಚ್ಚಿಕೊಂಡು ಸಕ್ಕರೆ ಡಬ್ಬ ತರಲು ಒಳಗೆ ಹೋದೆ.